ಗಾಳಿಯ ಲೆಕ್ಕ ತಪ್ಪಿದಾಗ: ಮ್ಯಾಫ್ ಮತ್ತು ಮ್ಯಾಪ್ ಸೆನ್ಸರ್‌ಗಳ ತಪಾಸಣೆ

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರಿನ ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆದಿಡಬೇಕೆಂದು ತೀರ್ಮಾನಿಸುವ ಮೊದಲು ಸಿಲಿಂಡರಿನೊಳಕ್ಕೆ ಎಷ್ಟು ಗಾಳಿ ಹೋಗುತ್ತಿದೆ ಎಂಬುದನ್ನು ತಿಳಿದುಕೊಳ್ಳಲೇಬೇಕು. ಇದಕ್ಕೆ ಎರಡು ದಾರಿಗಳಿವೆ. ಏರ್ ಫಿಲ್ಟರ್ ದಾಟಿ ಬರುವ ಗಾಳಿಯ ತೂಕವನ್ನೇ ನೇರವಾಗಿ ಅಳೆಯುವುದು ಮೊದಲನೆಯದು. ಆ ಕೆಲಸ ಮಾಡುವ ಸೆನ್ಸರನ್ನು ಗ್ಯಾರೇಜುಗಳಲ್ಲಿ ಮ್ಯಾಫ್ ಎನ್ನುತ್ತಾರೆ. ಥ್ರಾಟಲ್ ಎಂಬ ಗಾಳಿಯ ಕವಾಟವನ್ನು ದಾಟಿದ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿರುವ ಒತ್ತಡವನ್ನು ಅಳೆದು, ಗಾಳಿಯ ಉಷ್ಣತೆ ಮತ್ತು ಇಂಜಿನ್ನಿನ ವೇಗವನ್ನು ಅದರ ಜೊತೆ ಸೇರಿಸಿ ತೂಕವನ್ನು ಲೆಕ್ಕ ಹಾಕುವುದು ಎರಡನೆಯದು. ಅದರ ಸೆನ್ಸರ್ ಮ್ಯಾಪ್. ನಮ್ಮ ರಸ್ತೆಗಳ ಮೇಲಿರುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಮ್ಯಾಪ್ ಆಧಾರಿತವಾದವು. ಟರ್ಬೊ ಇರುವ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ಈ ಸೆನ್ಸರ್‌ಗಳ ವಿಷಯದಲ್ಲಿ ನಾನು ಮತ್ತೆ ಮತ್ತೆ ನೋಡಿರುವುದು ಒಂದೇ ಬಗೆಯ ನಷ್ಟ. ಚೆಕ್ ಇಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಸ್ಕ್ಯಾನರ್ ಹಾಕಿದಾಗ ಒಂದು ಕೋಡ್ ಬರುತ್ತದೆ, ಕೋಡಿನ ವಿವರಣೆಯಲ್ಲಿ ಯಾವ ಸೆನ್ಸರಿನ ಹೆಸರಿದೆಯೋ ಅದನ್ನು ಬದಲಾಯಿಸಲಾಗುತ್ತದೆ, ಹದಿನೈದು ದಿನಕ್ಕೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಪಿ0101 ಎಂಬ ಕೋಡಿಗೆ ಮ್ಯಾಫ್ ಸೆನ್ಸರ್ ಕೆಟ್ಟಿದೆ ಎಂಬ ಅರ್ಥವಿಲ್ಲ. ಮ್ಯಾಫ್ ಹೇಳುತ್ತಿರುವ ಸಂಖ್ಯೆ ಇಸಿಯು ನಿರೀಕ್ಷಿಸಿದ ಸಂಖ್ಯೆಯೊಂದಿಗೆ ತಾಳೆಯಾಗುತ್ತಿಲ್ಲ ಎಂದಷ್ಟೇ ಅದು ತಿಳಿಸುತ್ತದೆ. ತಪ್ಪು ಸೆನ್ಸರಿನದೋ, ನಿರೀಕ್ಷೆಯದೋ, ಎರಡರ ನಡುವೆ ಇರುವ ರಬ್ಬರ್ ಪೈಪಿನದೋ ಎಂಬುದನ್ನು ಕಂಡುಹಿಡಿಯುವ ಹೊಣೆ ಸ್ಕ್ಯಾನರ್ ಹಿಡಿದವನ ಮೇಲಿದೆ. ಹಾಗೆ ಕಂಡುಹಿಡಿಯಲು ನಾನು ಅನುಸರಿಸುವ ಕ್ರಮ ಸರಳವಾದದ್ದು: ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಸೆನ್ಸರಿಗೆ ಕೇಳುವುದು.

ಮ್ಯಾಪ್ ಸೆನ್ಸರಿಗೆ ಕೇಳಬೇಕಾದ ಮೊದಲ ಪ್ರಶ್ನೆಗೆ ಇಂಜಿನ್ ಶುರು ಮಾಡುವ ಅಗತ್ಯವೂ ಇಲ್ಲ. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಇಂಜಿನ್ ಓಡಿಸದೆ, ಮ್ಯಾಪ್ ಎಷ್ಟು ತೋರಿಸುತ್ತಿದೆ ಎಂದು ನೋಡಬೇಕು. ಇಂಜಿನ್ ಓಡದಿದ್ದಾಗ ಮ್ಯಾನಿಫೋಲ್ಡಿನಲ್ಲಿ ಇರುವುದು ಹೊರಗಿನ ವಾತಾವರಣದ ಒತ್ತಡವೇ ಆದ್ದರಿಂದ ಸೆನ್ಸರ್ ಆ ಊರಿನ ವಾಯುಭಾರವನ್ನು ತೋರಿಸಲೇಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು. ಮೈಸೂರಿನಲ್ಲಿ 92–93, ಚಿಕ್ಕಮಗಳೂರು ಪಟ್ಟಣದಲ್ಲಿ 89, ಮುಳ್ಳಯ್ಯನಗಿರಿಯ ತುದಿಯವರೆಗೆ ಹೋದರೆ 80–81. ನಮ್ಮ ಎತ್ತರಗಳಲ್ಲಿ ಸುಮಾರು 90 ಮೀಟರ್ ಏರಿದರೆ ಒಂದು ಕಿಲೋಪಾಸ್ಕಲ್ ಇಳಿಯುತ್ತದೆ ಎಂದು ನೆನಪಿಟ್ಟುಕೊಂಡರೆ ಯಾವ ಊರಿಗೂ ಅಂದಾಜು ಸಿಗುತ್ತದೆ.

ಇಲ್ಲಿಯೇ ಬಹಳ ಜನ ಎಡವುವ ಒಂದು ಜಾಗವಿದೆ. ಬೆಂಗಳೂರಿನಲ್ಲಿ ಕೀಲಿ ತಿರುಗಿಸಿದಾಗ ಮ್ಯಾಪ್ 91 ತೋರಿಸುತ್ತದೆ. ಫೋನಿನ ಹವಾಮಾನ ಆಪ್ ತೆರೆದರೆ ಅಲ್ಲಿ 1013 ಹೆಕ್ಟೋಪಾಸ್ಕಲ್, ಅಂದರೆ 101.3 ಕಿಲೋಪಾಸ್ಕಲ್ ಎಂದಿರುತ್ತದೆ. ಹತ್ತು ಕಿಲೋಪಾಸ್ಕಲ್ ವ್ಯತ್ಯಾಸ ಕಂಡೊಡನೆ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂಬ ತೀರ್ಮಾನಕ್ಕೆ ಬಂದು ಹೊಸದನ್ನು ತರಿಸಿದವರನ್ನು ನಾನು ಬಲ್ಲೆ. ಹೊಸದೂ 91ನ್ನೇ ತೋರಿಸಿದಾಗ ವೈರಿಂಗ್ ಬಿಚ್ಚಲು ಹೊರಟಿದ್ದರು. ಹವಾಮಾನ ಆಪ್‌ಗಳು ಕೊಡುವುದು ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಒತ್ತಡವನ್ನು. ಬೇರೆ ಬೇರೆ ಎತ್ತರದ ಊರುಗಳ ಹವೆಯನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಆ ಪರಿವರ್ತನೆ ಬೇಕಾಗುತ್ತದೆಯೇ ಹೊರತು ಇಂಜಿನ್ನಿಗೆ ಅದರಿಂದ ಪ್ರಯೋಜನವಿಲ್ಲ. ಇಂಜಿನ್ ಉಸಿರಾಡುವುದು ಸ್ಥಳದಲ್ಲಿರುವ ನಿಜವಾದ ಗಾಳಿಯನ್ನು. ಹೋಲಿಕೆಗೆ ನಂಬಬಹುದಾದ ಸಾಧನ ಫೋನಿನೊಳಗೇ ಇರುವ ಬ್ಯಾರೋಮೀಟರ್ ಸೆನ್ಸರ್. ಎಲ್ಲ ಫೋನುಗಳಲ್ಲೂ ಅದು ಇರುವುದಿಲ್ಲ. ಇದ್ದರೆ ಅದರ ಕಚ್ಚಾ ಸಂಖ್ಯೆಯನ್ನು ತೋರಿಸುವ ಉಚಿತ ಆಪ್‌ಗಳಿವೆ. ಫೋನಿನಲ್ಲಿ 909 ಹೆಕ್ಟೋಪಾಸ್ಕಲ್ ಇದ್ದು ಮ್ಯಾಪ್ 90 ಅಥವಾ 91 ತೋರಿಸಿದರೆ ಮೊದಲ ಪ್ರಶ್ನೆಯಲ್ಲಿ ಸೆನ್ಸರ್ ಪಾಸಾದಂತೆ. 84 ಅಥವಾ 97 ಬಂದರೆ ಅನುಮಾನಕ್ಕೆ ಆಧಾರ ಸಿಕ್ಕಿತು.

ಸ್ಕ್ಯಾನರಿನಲ್ಲಿ ವಾಯುಭಾರ ಎಂಬ ಇನ್ನೊಂದು ಸಾಲೂ ಬರುತ್ತದೆ. ಮ್ಯಾಪಿನ ಸಂಖ್ಯೆಯನ್ನು ಅದರೊಂದಿಗೆ ಹೋಲಿಸಿ, ಎರಡೂ ಸರಿಹೊಂದಿದವು ಎಂದು ಸಮಾಧಾನ ಪಡುವವರಿದ್ದಾರೆ. ಕೆಲವು ಇಸಿಯುಗಳ ಒಳಗೆ ಪ್ರತ್ಯೇಕ ವಾಯುಭಾರ ಸೆನ್ಸರ್ ಇರುತ್ತದೆ, ಅಂಥ ಕಾರಿನಲ್ಲಿ ಈ ಹೋಲಿಕೆಗೆ ಬೆಲೆಯಿದೆ. ಆದರೆ ಅನೇಕ ಕಾರುಗಳಲ್ಲಿ ಅಂಥ ಸೆನ್ಸರ್ ಇರುವುದೇ ಇಲ್ಲ. ಕೀಲಿ ತಿರುಗಿಸಿದ ಕ್ಷಣದಲ್ಲಿ ಮ್ಯಾಪ್ ಏನು ಹೇಳಿತೋ ಅದನ್ನೇ ವಾಯುಭಾರವೆಂದು ಇಸಿಯು ಬರೆದುಕೊಳ್ಳುತ್ತದೆ. ಆಗ ಎರಡು ಸಾಲುಗಳೂ ಒಂದೇ ಬಾಯಿಂದ ಬಂದ ಮಾತುಗಳು, ಹೊಂದಿಕೊಳ್ಳದೆ ಇನ್ನೇನು ಮಾಡಿಯಾವು?

ಮೊದಲ ಪ್ರಶ್ನೆಯಲ್ಲಿ ಪಾಸಾದ ಮಾತ್ರಕ್ಕೆ ಸೆನ್ಸರ್ ಸರಿಯಿದೆ ಎನ್ನಲಾಗದು, ಏಕೆಂದರೆ ಅಳತೆಯ ಒಂದು ತುದಿಯಲ್ಲಿ ಸರಿಯಾಗಿದ್ದು ಇನ್ನೊಂದು ತುದಿಯಲ್ಲಿ ದಾರಿ ತಪ್ಪುವ ಸೆನ್ಸರ್‌ಗಳಿವೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎಸಿ ಆರಿಸಿ ಐಡ್ಲಿಂಗಿನಲ್ಲಿ ಬಿಟ್ಟಾಗ, ಟರ್ಬೊ ಇಲ್ಲದ ಆರೋಗ್ಯವಂತ ಪೆಟ್ರೋಲ್ ಇಂಜಿನ್ನಿನ ಮ್ಯಾಪ್ ಸುಮಾರು 30ರಿಂದ 38ರ ನಡುವೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲಿಯೇ ಆಕ್ಸಿಲರೇಟರ್ ಬಿಟ್ಟು ಬರುವಾಗ 20–25ಕ್ಕೆ ಇಳಿಯುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಕೀಲಿ ತಿರುಗಿಸಿದಾಗಿನ ಸಂಖ್ಯೆಯ ಹತ್ತಿರಕ್ಕೆ, ಕೆಲವೇ ಕಿಲೋಪಾಸ್ಕಲ್ ಕಡಿಮೆಗೆ, ಏರುತ್ತದೆ. ಅಷ್ಟು ಏರದೆ ಕೆಳಗೇ ಉಳಿದರೆ ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ ಎಂದು ನೋಡಬೇಕು.

ಐಡ್ಲಿಂಗಿನಲ್ಲಿ ಮ್ಯಾಪ್ 50ರ ಹತ್ತಿರ ಇದ್ದರೆ ಸೆನ್ಸರನ್ನು ದೂರುವ ಮೊದಲು ಒಂದು ಸಾಮಾನ್ಯ ವ್ಯಾಕ್ಯೂಮ್ ಗೇಜನ್ನು ಮ್ಯಾನಿಫೋಲ್ಡಿಗೆ ಜೋಡಿಸಿ ನೋಡುವುದು ಒಳ್ಳೆಯದು. ಅದರಲ್ಲೂ ಒಂದು ಎಚ್ಚರ ಬೇಕು. ಗೇಜು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ, ಮ್ಯಾಪ್ ಒಳಗಿನ ಒತ್ತಡವನ್ನು ಶೂನ್ಯದಿಂದ ಎಣಿಸುತ್ತದೆ. ಮ್ಯಾನಿಫೋಲ್ಡಿನಲ್ಲಿ 33 ಕಿಲೋಪಾಸ್ಕಲ್ ಇರುವ ಒಂದೇ ಇಂಜಿನ್ ಮಂಗಳೂರಿನಲ್ಲಿ ಗೇಜಿನ ಮೇಲೆ ಪಾದರಸದ ಲೆಕ್ಕದಲ್ಲಿ 20 ಇಂಚು, ಬೆಂಗಳೂರಿನಲ್ಲಿ 17 ಇಂಚು ತೋರಿಸುತ್ತದೆ. 18ಕ್ಕಿಂತ ಕಡಿಮೆಯಾದರೆ ಇಂಜಿನ್ ಸವೆದಿದೆ ಎಂಬ ಹಳೆಯ ಕೈಪಿಡಿಗಳ ಮಾತು ಸಮುದ್ರದ ಪಕ್ಕದಲ್ಲಿರುವವರಿಗಾಗಿ ಬರೆದದ್ದು. ಗೇಜು ಮತ್ತು ಮ್ಯಾಪ್ ಎರಡೂ ಕೂಡಿ ವಾಯುಭಾರಕ್ಕೆ ಸಮನಾದರೆ ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ, ವ್ಯಾಕ್ಯೂಮ್ ನಿಜವಾಗಿಯೇ ಕಡಿಮೆಯಿದೆ. ಅದಕ್ಕೆ ಕಾರಣ ಎಳೆದು ಉದ್ದವಾದ ಟೈಮಿಂಗ್ ಚೈನ್, ಒಂದು ಹಲ್ಲು ಜಾರಿದ ಟೈಮಿಂಗ್ ಬೆಲ್ಟ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುವುದು, ಉರಿದ ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮುಚ್ಚದೆ ಉಳಿದಿರುವುದು, ಇಲ್ಲವೇ ಗಾಳಿಯ ಸೋರಿಕೆ. ಇವುಗಳಲ್ಲಿ ಯಾವುದೂ ಹೊಸ ಮ್ಯಾಪ್ ಸೆನ್ಸರಿನಿಂದ ವಾಸಿಯಾಗುವಂಥದ್ದಲ್ಲ.

ಸೋರಿಕೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮ್ಯಾಫ್ ಕಾರಿನಲ್ಲಿ ಮತ್ತು ಮ್ಯಾಪ್ ಕಾರಿನಲ್ಲಿ ಒಂದೇ ಸೋರಿಕೆ ಬೇರೆ ಬೇರೆ ಮುಖ ತೋರಿಸುತ್ತದೆ. ಥ್ರಾಟಲಿನ ಆಚೆ ಒಂದು ಸಣ್ಣ ಹೋಸ್ ಹರಿದಿದೆ ಎಂದುಕೊಳ್ಳೋಣ. ಮ್ಯಾಫ್ ಇರುವ ಕಾರಿನಲ್ಲಿ ಆ ಗಾಳಿ ಸೆನ್ಸರಿನ ಮುಂದೆ ಹಾಯದೆಯೇ ಒಳಗೆ ಬರುತ್ತದೆ, ಇಸಿಯು ಅದಕ್ಕೆ ಪೆಟ್ರೋಲ್ ಹಾಕುವುದಿಲ್ಲ, ಮಿಶ್ರಣ ಬಡಕಲಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ, ಬಡಕಲು ಮಿಶ್ರಣದ ಕೋಡಾದ ಪಿ0171 ಬರುತ್ತದೆ. ಮ್ಯಾಪ್ ಕಾರಿನಲ್ಲಾದರೋ ಗಾಳಿ ಯಾವ ಬಾಗಿಲಿನಿಂದ ಬಂದರೂ ಮ್ಯಾನಿಫೋಲ್ಡಿನ ಒತ್ತಡವನ್ನು ಏರಿಸಿಯೇ ಏರಿಸುತ್ತದೆ. ಇಸಿಯು ಅದನ್ನೂ ಲೆಕ್ಕಕ್ಕೆ ಹಿಡಿದು ಪೆಟ್ರೋಲ್ ಹಾಕುತ್ತದೆ. ಮಿಶ್ರಣ ಸರಿಯಾಗಿಯೇ ಇದ್ದು ಐಡ್ಲಿಂಗ್ ಮಾತ್ರ ಏರಿಬಿಡುತ್ತದೆ. ಮ್ಯಾಪ್ ಕಾರಿನಲ್ಲಿ ಬಡಕಲು ಮಿಶ್ರಣದ ಕೋಡ್ ಬಂದಾಗ ವ್ಯಾಕ್ಯೂಮ್ ಸೋರಿಕೆಯನ್ನು ಹುಡುಕುತ್ತಾ ಇಡೀ ದಿನ ಕಳೆಯುವುದು ಸಾಮಾನ್ಯವಾಗಿ ವ್ಯರ್ಥ. ಮೊದಲು ಇಂಧನದ ಒತ್ತಡ, ಇಂಜೆಕ್ಟರ್, ಮತ್ತು ಮ್ಯಾಪ್ ಕಡಿಮೆ ಹೇಳುತ್ತಿದೆಯೇ ಎಂಬುದನ್ನು ನೋಡಬೇಕು.

ವಿದ್ಯುತ್ ಭಾಗದ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಮ್ಯಾಪ್ ಸೆನ್ಸರಿಗೆ ಮೂರು ತಂತಿಗಳು: 5 ವೋಲ್ಟಿನ ಸರಬರಾಜು, ಗ್ರೌಂಡ್, ಸಿಗ್ನಲ್. ಗಾಳಿಯ ಉಷ್ಣತೆಯ ಸೆನ್ಸರೂ ಅದರಲ್ಲೇ ಸೇರಿದ್ದರೆ ನಾಲ್ಕು. ಒಳಗೆ ಸಿಲಿಕಾನಿನ ತೆಳು ಪೊರೆಯೊಂದು ಒತ್ತಡಕ್ಕೆ ಬಾಗುತ್ತದೆ, ಅದರ ಮೇಲಿನ ರೋಧಕಗಳ ಬೆಲೆ ಬದಲಾಗುತ್ತದೆ, ಆ ಬದಲಾವಣೆ ವೋಲ್ಟೇಜಾಗಿ ಹೊರಬರುತ್ತದೆ. ಟರ್ಬೊ ಇಲ್ಲದ ಕಾರಿನಲ್ಲಿ ಕೀಲಿ ತಿರುಗಿಸಿದಾಗ ಸಾಮಾನ್ಯವಾಗಿ 4 ವೋಲ್ಟಿನ ಆಸುಪಾಸು, ಐಡ್ಲಿಂಗಿನಲ್ಲಿ 1ರಿಂದ 1.6 ವೋಲ್ಟ್ ಸಿಗುತ್ತದೆ. ಟರ್ಬೊ ಕಾರಿನ ಸೆನ್ಸರ್ 250–300 ಕಿಲೋಪಾಸ್ಕಲ್ ತನಕ ಅಳೆಯಬೇಕಾದ್ದರಿಂದ ಅದೇ ವಾತಾವರಣದ ಒತ್ತಡಕ್ಕೆ 2 ವೋಲ್ಟಿಗಿಂತ ಕಡಿಮೆ ಕೊಡಬಹುದು. ಸೆನ್ಸರನ್ನು ಬಿಚ್ಚಿ, ಅದರ ಕನೆಕ್ಟರ್ ಹಾಕಿಯೇ ಇಟ್ಟು, ಮೂತಿಗೆ ಒಂದು ತುಂಡು ಸಿಲಿಕೋನ್ ಪೈಪ್ ಮತ್ತು ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜ್ ಜೋಡಿಸಿ ಮೆಲ್ಲಗೆ ಎಳೆದರೆ ವೋಲ್ಟೇಜ್ ಎಲ್ಲೂ ನಿಲ್ಲದೆ, ನೆಗೆಯದೆ ಇಳಿಯಬೇಕು. ಎಳೆದು ಹಿಡಿದಾಗ ಅಲ್ಲಾಡದೆ ನಿಲ್ಲಬೇಕು. ಬಿಟ್ಟಾಗ ಥಟ್ಟನೆ ಮೊದಲಿನ ಜಾಗಕ್ಕೆ ಮರಳಬೇಕು. ನಿಧಾನವಾಗಿ ತೆವಳುತ್ತಾ ಮರಳಿದರೆ ಮೂತಿಯೊಳಗೆ ಎಣ್ಣೆ ಮತ್ತು ಮಸಿ ಕಟ್ಟಿಕೊಂಡಿದೆ ಎಂದು ತಿಳಿಯಬಹುದು.

ಒಂದೇ 5 ವೋಲ್ಟಿನ ಸರಬರಾಜನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ ಎಂಬುದನ್ನು ಮರೆಯಬಾರದು. ಮ್ಯಾಪ್ ಸಿಗ್ನಲ್ ತೀರಾ ಕಡಿಮೆ ಎನ್ನುವ ಪಿ0107 ಒಂದೇ ಬರದೆ ಅದರ ಜೊತೆ ಥ್ರಾಟಲಿನದೋ ಎಸಿ ಒತ್ತಡದ ಸೆನ್ಸರಿನದೋ ಕೋಡೂ ಬಂದಿದ್ದರೆ ಸರಬರಾಜನ್ನೇ ಅನುಮಾನಿಸಬೇಕು. ಮೀಟರನ್ನು ಮ್ಯಾಪ್ ಕನೆಕ್ಟರಿನ 5 ವೋಲ್ಟಿನ ಪಿನ್ನಿಗೆ ಹಿಡಿದು, ಉಳಿದ ಸೆನ್ಸರ್‌ಗಳ ಕನೆಕ್ಟರುಗಳನ್ನು ಒಂದೊಂದಾಗಿ ಕೀಳುತ್ತಾ ಬಂದರೆ ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿತೋ ಅದರಲ್ಲಿಯೇ ಶಾರ್ಟ್ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಸೆನ್ಸರಿನ ಗ್ರೌಂಡ್ ತಂತಿ ತುಂಡಾದರೆ ಸಿಗ್ನಲ್ ಮೇಲಕ್ಕೇರಿ ಪಿ0108 ಬರುತ್ತದೆ. ಗ್ರೌಂಡ್ ತುಂಡಾಗದೆ ತುಕ್ಕು ಹಿಡಿದಷ್ಟೇ ಆಗಿದ್ದರೆ ಪತ್ತೆ ಕಷ್ಟ. ಇಂಜಿನ್ ಓಡುತ್ತಿರುವಾಗ ಸೆನ್ಸರಿನ ಗ್ರೌಂಡ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಸಿಕ್ಕರೆ ಅಷ್ಟೂ ಸುಳ್ಳು ಒತ್ತಡವಾಗಿ ಸಿಗ್ನಲಿಗೆ ಸೇರುತ್ತಿದೆ ಎಂದರ್ಥ.

ಇನ್ನು ಮ್ಯಾಫ್. ಈಗಿನ ಮ್ಯಾಫ್‌ಗಳಲ್ಲಿ ಒಂದು ಸೂಕ್ಷ್ಮ ತಂತಿ ಅಥವಾ ಪದರವನ್ನು ಒಳಬರುವ ಗಾಳಿಗಿಂತ ನಿಗದಿತ ಪ್ರಮಾಣದಷ್ಟು ಹೆಚ್ಚು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹಾಯ್ದಷ್ಟೂ ಅದು ತಣಿಯುತ್ತದೆ. ಅದೇ ಬಿಸಿಯಲ್ಲಿ ಉಳಿಸಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಗಾಳಿಯ ತೂಕ ಗೊತ್ತಾಗುತ್ತದೆ. ಅಂಥ ಪದರದ ಮೇಲೆ ಧೂಳು ಮತ್ತು ಎಣ್ಣೆಯ ತೆಳು ಲೇಪ ಕೂತರೆ ಗಾಳಿ ಅದನ್ನು ಸರಿಯಾಗಿ ತಣಿಸಲಾರದು. ಪರಿಣಾಮವಾಗಿ ಹೆಚ್ಚು ಗಾಳಿ ಹರಿಯುವಾಗ ಸೆನ್ಸರ್ ಕಡಿಮೆ ಹೇಳುತ್ತದೆ. ವಿಚಿತ್ರವೆಂದರೆ ಐಡ್ಲಿಂಗಿನಂಥ ಸಣ್ಣ ಹರಿವಿನಲ್ಲಿ ಇಂಥ ಸೆನ್ಸರ್ ಎಷ್ಟೋ ಸಲ ತುಸು ಹೆಚ್ಚೇ ಹೇಳುತ್ತದೆ. ಕೊಳೆಯಾದ ಮ್ಯಾಫಿನ ಗುರುತು ಇದೇ: ಐಡ್ಲಿಂಗಿನಲ್ಲಿ ಫ್ಯುಯೆಲ್ ಟ್ರಿಮ್ (ಇಸಿಯು ಇಂಧನಕ್ಕೆ ಮಾಡುವ ತಿದ್ದುಪಡಿ) ಸೊನ್ನೆಯ ಹತ್ತಿರ ಅಥವಾ ಋಣ, ವೇಗ ಮತ್ತು ಭಾರ ಹೆಚ್ಚಿದಂತೆ ಟ್ರಿಮ್ ಧನ. ಹರಿದ ಹೋಸಿನ ಗುರುತು ಇದರ ತಿರುವುಮುರುವು, ಏಕೆಂದರೆ ಐಡ್ಲಿಂಗಿನ ಅಲ್ಪ ಗಾಳಿಯಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು, ವೇಗದಲ್ಲಿ ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣದು.

ಫ್ಯುಯೆಲ್ ಟ್ರಿಮ್ ಎಂದರೆ ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಇಸಿಯು ತನ್ನ ಮೂಲ ಲೆಕ್ಕಕ್ಕೆ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ. ಧನವೆಂದರೆ ಇಂಧನ ಹೆಚ್ಚಿಸುವುದು, ಋಣವೆಂದರೆ ಕಡಿಮೆ ಮಾಡುವುದು. ಅಲ್ಪಾವಧಿಯ ಮತ್ತು ದೀರ್ಘಾವಧಿಯ ಎರಡನ್ನೂ ಕೂಡಿ ನೋಡಬೇಕು. 5ರೊಳಗೆ ಇದ್ದರೆ ಚಿಂತೆಯಿಲ್ಲ, 10 ದಾಟಿದರೆ ಹುಡುಕಬೇಕು, 20–25ಕ್ಕೆ ಹೋದರೆ ದೀಪ ಹೊತ್ತಿಕೊಳ್ಳುತ್ತದೆ.

ಮ್ಯಾಫಿಗೂ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬಹುದು. ಕಾಗದದ ಮೇಲೆ ಸ್ವಲ್ಪ ಗುಣಾಕಾರ ಮಾಡಬೇಕು, ಅಷ್ಟೆ. 1.8 ಲೀಟರಿನ ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ 1.8 ಲೀಟರ್, ಒಂದು ಸುತ್ತಿಗೆ 0.9 ಲೀಟರ್ ಗಾಳಿ ಎಳೆಯುತ್ತದೆ. 5000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 83 ಸುತ್ತು, ಅಂದರೆ 75 ಲೀಟರ್. ಬೆಂಗಳೂರಿನ 91 ಕಿಲೋಪಾಸ್ಕಲ್ ಒತ್ತಡದಲ್ಲಿ, 27 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.06 ಗ್ರಾಂ. ಎಂದರೆ ಸಿಲಿಂಡರ್ ಪೂರ್ತಿ ತುಂಬಿದರೆ ಸೆಕೆಂಡಿಗೆ 79 ಗ್ರಾಂ. ಯಾವ ಸಾಧಾರಣ ಇಂಜಿನ್ನೂ ನೂರಕ್ಕೆ ನೂರು ತುಂಬಿಕೊಳ್ಳುವುದಿಲ್ಲ, ಶೇಕಡಾ 80ರಿಂದ 90ರಷ್ಟು ತುಂಬಿಕೊಂಡರೆ ಅದು ಆರೋಗ್ಯವಾಗಿದೆ. ಹಾಗಾಗಿ ಎರಡನೇ ಗೇರಿನಲ್ಲಿ, ಖಾಲಿ ರಸ್ತೆಯಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ 5000 ದಾಟುವಾಗ ಮ್ಯಾಫ್ 63ರಿಂದ 71ರ ನಡುವೆ ತೋರಿಸಬೇಕು. ಸ್ಕ್ಯಾನರ್ ನೋಡಲು ಇನ್ನೊಬ್ಬರು ಪಕ್ಕದಲ್ಲಿರಲೇಬೇಕು, ಇಲ್ಲವೇ ಆಪಿನಲ್ಲಿ ದಾಖಲೆ ಹಚ್ಚಿಟ್ಟು ಆಮೇಲೆ ನೋಡಬೇಕು. ಐಡ್ಲಿಂಗಿನ ಅಂದಾಜು ಇನ್ನೂ ಸುಲಭ: ಬಿಸಿ ಇಂಜಿನ್ನಿನಲ್ಲಿ, ಎಸಿ ಇಲ್ಲದೆ, ಇಂಜಿನ್ ಎಷ್ಟು ಲೀಟರಿನದೋ ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟೇ ಗ್ರಾಂ, ಅಥವಾ ಅದಕ್ಕಿಂತ ತುಸು ಹೆಚ್ಚು.

ಈ ಒಂದು ಲೆಕ್ಕದ ಬೆಲೆ ಟ್ರಿಮ್ ಜೊತೆ ಸೇರಿಸಿ ನೋಡಿದಾಗ ತಿಳಿಯುತ್ತದೆ. ಭಾರ ಬಿದ್ದಾಗ ಟ್ರಿಮ್ ಧನವಾಗುವುದಕ್ಕೆ ಕೊಳೆಯಾದ ಮ್ಯಾಫ್ ಒಂದು ಕಾರಣವಾದರೆ ಸೋತ ಫ್ಯುಯೆಲ್ ಪಂಪ್ ಇನ್ನೊಂದು. ಟ್ರಿಮ್ ಒಂದನ್ನೇ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಗಾಳಿಯ ಲೆಕ್ಕ ಪೂರ್ತಿ ತುಂಬಿದಾಗಿನ ತೂಕದ ಶೇಕಡಾ 65ಕ್ಕೆ ಕುಸಿದಿದ್ದು ಮಿಶ್ರಣವೂ ಬಡಕಲಾಗಿದ್ದರೆ ಗಾಳಿ ನಿಜವಾಗಿ ಬರುತ್ತಿದೆ, ಮ್ಯಾಫ್ ಅದನ್ನು ಹೇಳುತ್ತಿಲ್ಲ. ಗಾಳಿಯ ಲೆಕ್ಕ 85ರಲ್ಲಿದ್ದು ಮಿಶ್ರಣ ಬಡಕಲಾಗಿದ್ದರೆ ಮ್ಯಾಫ್ ನಿರಪರಾಧಿ, ಇಂಧನ ಸಾಲುತ್ತಿಲ್ಲ. ಗಾಳಿಯ ಲೆಕ್ಕ ಕುಸಿದಿದ್ದೂ ಮಿಶ್ರಣ ಸರಿಯಾಗಿದ್ದರೆ ಗಾಳಿ ನಿಜಕ್ಕೂ ಕಡಿಮೆಯೇ ಬರುತ್ತಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದೆಯೇ, ವಾಲ್ವ್ ಟೈಮಿಂಗ್ ತಪ್ಪಿದೆಯೇ ಎಂದು ನೋಡಬೇಕು. ಮೂರು ಬೇರೆ ಬೇರೆ ರಿಪೇರಿಗಳನ್ನು ಎರಡು ಸಂಖ್ಯೆಗಳು ಬಿಡಿಸಿಕೊಡುತ್ತವೆ, ಒಂದು ಬೋಲ್ಟನ್ನೂ ಬಿಚ್ಚದೆ.

ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಬಂಧುವೊಬ್ಬರ 1.8 ಲೀಟರ್ ಪೆಟ್ರೋಲ್ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಘಾಟಿ ಏರುವಾಗ ಪಿಕಪ್ ಇಲ್ಲ, ಒತ್ತಿದರೆ ಇಂಜಿನ್ ಕಟಕಟ ಎನ್ನುತ್ತದೆ ಎಂಬುದು ದೂರು, ಕೋಡ್ ಪಿ0171. ಆಕ್ಸಿಜನ್ ಸೆನ್ಸರೂ ಫ್ಯುಯೆಲ್ ಪಂಪೂ ಆಗಲೇ ಹೊಸದಾಗಿದ್ದವು. ಐಡ್ಲಿಂಗಿನಲ್ಲಿ ಟ್ರಿಮ್ ಋಣ 4, ಹೆದ್ದಾರಿಯ ವೇಗದಲ್ಲಿ ಧನ 18. ಅಲ್ಲಿನ 89 ಕಿಲೋಪಾಸ್ಕಲ್ಲಿಗೆ ಲೆಕ್ಕ ಹಾಕಿದರೆ 5000 ಆರ್‌ಪಿಎಂನಲ್ಲಿ ಗರಿಷ್ಠ 77 ಗ್ರಾಂ ಬರಬೇಕು, ಬಂದದ್ದು 51. ಏರ್ ಫಿಲ್ಟರ್ ಪೆಟ್ಟಿಗೆಯ ಕೆಳಗಿನ ಕ್ಲಿಪ್ ಮುರಿದಿತ್ತು, ಮುಚ್ಚಳ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು, ಫಿಲ್ಟರಿನ ಸ್ವಚ್ಛವಾಗಿರಬೇಕಾದ ಬದಿಯಲ್ಲಿ ಆ ಮೂಲೆಯಿಂದ ಮ್ಯಾಫಿನ ಬಾಯಿಯವರೆಗೆ ಕೆಮ್ಮಣ್ಣಿನ ಗೆರೆಯೊಂದು ಎಳೆದಂತೆ ಹೋಗಿತ್ತು. ಸೆನ್ಸರನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಸಣ್ಣ ಪದರ ಮಿರುಗುವ ಬದಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮ್ಯಾಫ್‌ಗೆಂದೇ ಸಿಗುವ ಕ್ಲೀನರನ್ನು ಸಿಂಪಡಿಸಿ, ಒಣಗಲು ಬಿಟ್ಟು, ಪೆಟ್ಟಿಗೆಯ ಬಾಯಿ ಸರಿಯಾಗಿ ಮುಚ್ಚುವಂತೆ ಮಾಡಿದ ಮೇಲೆ ಅದೇ ರಸ್ತೆಯಲ್ಲಿ 65 ಗ್ರಾಂ ಬಂತು. ಕಟಕಟ ಶಬ್ದವೂ ಹೋಯಿತು. ಮ್ಯಾಫ್ ಕಡಿಮೆ ಹೇಳಿದಾಗ ಇಂಜಿನ್ನಿನ ಮೇಲೆ ಭಾರ ಕಡಿಮೆಯಿದೆ ಎಂದು ಇಸಿಯು ತಪ್ಪಾಗಿ ತಿಳಿದು ಸ್ಪಾರ್ಕನ್ನು ಮುಂಚಿತವಾಗಿ ಕೊಡುತ್ತದೆ. ಬಡಕಲು ಮಿಶ್ರಣವೂ ಅದಕ್ಕೆ ಸೇರಿದಾಗ ಹೊಡೆತ ಶುರುವಾಗುತ್ತದೆ. ಪಿ0171ರ ವಿವರಣೆಯಲ್ಲಿ ಮ್ಯಾಫಿನ ಹೆಸರು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು.

ಸ್ವಚ್ಛ ಮಾಡುವಾಗ ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್ ಬಳಸಬಾರದು. ಹತ್ತಿ, ಬ್ರಷ್, ಕಂಪ್ರೆಸರ್ ಗಾಳಿ ಯಾವುದನ್ನೂ ಆ ಪದರದ ಹತ್ತಿರ ಒಯ್ಯಬಾರದು. ಎಣ್ಣೆ ಹಚ್ಚಿದ ಬಟ್ಟೆಯ ಫಿಲ್ಟರ್ ಹಾಕಿಸಿಕೊಂಡವರು ಎಣ್ಣೆಯನ್ನು ಧಾರಾಳವಾಗಿ ಹಚ್ಚಿದರೆ ಆ ಎಣ್ಣೆ ಹೋಗಿ ಕೂರುವ ಮೊದಲ ಜಾಗ ಮ್ಯಾಫ್. ನನ್ನ ಮಟ್ಟಿಗೆ ಅಂಥ ಫಿಲ್ಟರಿನಿಂದ ಸಿಗುವ ಲಾಭ ನಮ್ಮ ಧೂಳಿನ ಊರುಗಳಲ್ಲಿ ಆ ತೊಂದರೆಗೆ ತಕ್ಕದ್ದಲ್ಲ.

ಡೀಸೆಲ್ ಕಾರುಗಳಲ್ಲಿ ಕಥೆ ಬೇರೆ. ಅಲ್ಲಿ ಮ್ಯಾಫಿನ ಮುಖ್ಯ ಕೆಲಸ ಇಜಿಆರ್ ವಾಲ್ವನ್ನು ಎಷ್ಟು ತೆರೆಯಬೇಕೆಂದು ನಿರ್ಧರಿಸುವುದು, ಮತ್ತು ಕಪ್ಪು ಹೊಗೆ ಬಾರದಂತೆ ಡೀಸೆಲಿಗೆ ಮಿತಿ ಹಾಕುವುದು. ಮ್ಯಾಫ್ ಕಡಿಮೆ ಹೇಳಿದರೆ ಗಾಳಿ ಸಾಲದೆಂದು ಇಸಿಯು ಡೀಸೆಲ್ ಕಡಿತ ಮಾಡುತ್ತದೆ, ಗಾಡಿ ಎಳೆಯುವುದಿಲ್ಲ, ಹೊಗೆಯೂ ಇರುವುದಿಲ್ಲ. ಮ್ಯಾಫ್ ಕನೆಕ್ಟರ್ ಕಿತ್ತು ಓಡಿಸಿದಾಗ ಎಳೆತ ಮರಳಿದರೆ ಅದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕಾದರೆ ಇಲ್ಲಿಯೂ ಲೆಕ್ಕವಿದೆ. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೊ ಮುಂತಾದ ಹಲವು ಕಾರುಗಳಲ್ಲಿ ಬಂದ 1248 ಸಿಸಿಯ ಮಲ್ಟಿಜೆಟ್ ಇಂಜಿನ್ನನ್ನೇ ತೆಗೆದುಕೊಂಡರೆ ಒಂದು ಸಿಲಿಂಡರಿನ ಪಾಲು 312 ಸಿಸಿ. ಬೆಂಗಳೂರಿನ ಗಾಳಿಯಲ್ಲಿ ಅದರ ತೂಕ ಸುಮಾರು 330 ಮಿಲಿಗ್ರಾಂ. ಇಂಜಿನ್ನಿನ ಬಿಸಿ ಮತ್ತು ಅಪೂರ್ಣ ತುಂಬುವಿಕೆಗೆ ಸ್ವಲ್ಪ ಬಿಟ್ಟುಕೊಟ್ಟರೆ ಒಂದು ಸ್ಟ್ರೋಕಿಗೆ 270ರಿಂದ 300. ಇಜಿಆರ್ ವಾಲ್ವ್ ಮುಚ್ಚಿರುವಂತೆ ಅದರ ಕನೆಕ್ಟರ್ ಕಿತ್ತು ಐಡ್ಲಿಂಗಿನಲ್ಲಿ ಬಿಟ್ಟಾಗ ಮ್ಯಾಫ್ ಇಷ್ಟು ತೋರಿಸಬೇಕು. 180 ತೋರಿಸಿದರೆ ಒಂದೋ ಸೆನ್ಸರ್ ಕಡಿಮೆ ಹೇಳುತ್ತಿದೆ, ಇಲ್ಲವೇ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದಿದೆ. ವಾಲ್ವಿನ ದಾರಿಗೆ ತಾತ್ಕಾಲಿಕವಾಗಿ ಒಂದು ತಗಡು ಅಡ್ಡ ಇಟ್ಟರೆ ಯಾವುದೆಂದು ತಿಳಿಯುತ್ತದೆ.

ಡೀಸೆಲ್ಲಿನಲ್ಲಿ ಪಿ0101 ಬಂದಾಗ ನಾನು ಮೊದಲು ನೋಡುವುದು ಮ್ಯಾಫನ್ನಲ್ಲ, ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಮ್ಯಾನಿಫೋಲ್ಡಿಗೂ ಹೋಗುವ ದಪ್ಪ ಪೈಪುಗಳನ್ನು. ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುವ ಸೀಳು ಅವುಗಳ ಕೆಳಭಾಗದಲ್ಲಿ ಇರುತ್ತದೆ. ಐಡ್ಲಿಂಗಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಸುತ್ತಲೂ ಹರಡಿದ ಎಣ್ಣೆಯ ಪಸೆ ಮಾತ್ರ ಕಾಣುತ್ತದೆ. ನೆರೆಯವರೊಬ್ಬರ ಕಾರಿಗೆ ಹೊಸ ಮ್ಯಾಫ್ ಹಾಕಿಸಿದ ಮೇಲೂ ಕಪ್ಪು ಹೊಗೆ, ಸಿಳ್ಳೆಯಂಥ ಶಬ್ದ, ಮಂಕು ಪಿಕಪ್ ಹಾಗೆಯೇ ಉಳಿದಿದ್ದವು. ಪೂರ್ತಿ ಒತ್ತಿದಾಗ ಮ್ಯಾಫ್ ಯಥೇಚ್ಛ ಗಾಳಿ ತೋರಿಸುತ್ತಿತ್ತು, ಬೂಸ್ಟ್ ಸೆನ್ಸರ್, ಅಂದರೆ ಟರ್ಬೊ ಕಾರಿನ ಮ್ಯಾಪ್, ಮಾತ್ರ 140 ಕಿಲೋಪಾಸ್ಕಲ್ ದಾಟುತ್ತಿರಲಿಲ್ಲ. ಎರಡೂ ಸೆನ್ಸರ್‌ಗಳು ಪ್ರಾಮಾಣಿಕವಾಗಿದ್ದವು. ಮ್ಯಾಫ್ ಎಣಿಸಿದ ಗಾಳಿ ದಾರಿಯಲ್ಲಿ ಸೋರಿಹೋಗುತ್ತಿತ್ತು, ಇಸಿಯು ಸೋರಿದ ಗಾಳಿಗೂ ಸೇರಿಸಿ ಡೀಸೆಲ್ ಸುರಿಯುತ್ತಿತ್ತು, ಹೊಗೆ ಬಂದದ್ದು ಅದರಿಂದ.

ಅಗ್ಗದ ಬ್ಲೂಟೂತ್ ಅಡಾಪ್ಟರ್ ಮತ್ತು ಫೋನ್ ಆಪ್ ಬಳಸುವವರಿಗೆ ಮೂರು ಮಾತು. ಮ್ಯಾಪ್ ಮಾತ್ರ ಇರುವ ಕಾರಿನಲ್ಲೂ ಕೆಲವು ಆಪ್‌ಗಳು ಮ್ಯಾಫ್ ಎಂಬ ಸಾಲಿನಲ್ಲಿ ಸಂಖ್ಯೆ ತೋರಿಸುತ್ತವೆ. ಅದು ಆಪ್ ತಾನೇ ಒತ್ತಡ, ಉಷ್ಣತೆ, ಆರ್‌ಪಿಎಂನಿಂದ ಕಟ್ಟಿದ ಅಂದಾಜು, ಅದನ್ನಿಟ್ಟುಕೊಂಡು ಸಿಲಿಂಡರ್ ಎಷ್ಟು ತುಂಬುತ್ತಿದೆ ಎಂದು ಲೆಕ್ಕ ಹಾಕಿದರೆ ನಾವೇ ಕೊಟ್ಟ ಊಹೆ ನಮಗೇ ಮರಳಿ ಬರುತ್ತದೆ. ಮ್ಯಾನಿಫೋಲ್ಡ್ ಒತ್ತಡದ ಸಾಮಾನ್ಯ ಒಬಿಡಿ (ಕಾರಿನ ದೋಷಪತ್ತೆ ವ್ಯವಸ್ಥೆ) ಸಾಲು ಒಂದೇ ಬೈಟಿನದು, 255 ಕಿಲೋಪಾಸ್ಕಲ್ಲಿಗಿಂತ ಹೆಚ್ಚು ತೋರಿಸಲಾರದು. ಜೋರು ಟರ್ಬೊ ಇರುವ ಗಾಡಿಯಲ್ಲಿ ಸಂಖ್ಯೆ 255ಕ್ಕೆ ಅಂಟಿ ನಿಂತರೆ ಸೆನ್ಸರ್ ಸಿಕ್ಕಿಹಾಕಿಕೊಂಡಿದೆ ಎಂದು ಭಾವಿಸಬೇಕಿಲ್ಲ. ಇನ್ನು ಈ ಅಡಾಪ್ಟರುಗಳು ಸೆಕೆಂಡಿಗೆ ಕೆಲವೇ ಬಾರಿ ಓದುವುದರಿಂದ ಥಟ್ಟನೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಿನ ಏರಿಳಿತವನ್ನು ಹಿಡಿಯಲಾರವು. ಅದಕ್ಕೆ ಆಸಿಲೋಸ್ಕೋಪ್ ಬೇಕು.

ಕೊನೆಯದಾಗಿ, ಇತ್ತೀಚೆಗೆ ಟ್ರಿಮ್ ಓದುವವರೆಲ್ಲರೂ ಲೆಕ್ಕಕ್ಕೆ ಹಿಡಿಯಬೇಕಾದ ಹೊಸ ಅಂಶವೊಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಶುದ್ಧ ಪೆಟ್ರೋಲಿಗೆ 14.7 ಇದ್ದ ಗಾಳಿಯ ಪ್ರಮಾಣ ಇ10ರಲ್ಲಿ ಸುಮಾರು 14.1, ಇ20ರಲ್ಲಿ ಸುಮಾರು 13.5. ಇ10ಕ್ಕೆಂದು ಹೊಂದಿಸಿದ ಕಾರಿಗೆ ಇ20 ಹಾಕಿದರೆ ಅಷ್ಟೇ ಗಾಳಿಗೆ ಶೇಕಡಾ 4ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಇನ್ನೂ ಹಳೆಯ ಕಾರುಗಳಲ್ಲಿ ಅದಕ್ಕಿಂತ ಹೆಚ್ಚು. ಐಡ್ಲಿಂಗಿನಲ್ಲಿಯೂ ವೇಗದಲ್ಲಿಯೂ ಒಂದೇ ಸಮನೆ ಧನ 5 ಅಥವಾ 6 ನಿಂತಿರುವ ಟ್ರಿಮ್ ಇಂಧನದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು, ಅದಕ್ಕಾಗಿ ಮ್ಯಾಫ್ ಬಿಚ್ಚಬೇಕಾಗಿಲ್ಲ. ಹಾಗೆಯೇ ಕಾರಿನಲ್ಲಿ ಮೊದಲೇ ಧನ 15 ಇದ್ದು ಹೇಗೋ ನಡೆಯುತ್ತಿದ್ದ ಕೊಳಕು ಮ್ಯಾಫ್ ಇ20 ಸೇರಿದೊಡನೆ ಮಿತಿ ದಾಟಿ ದೀಪ ಹೊತ್ತಿಸಬಹುದು. ಅಂಥ ಕಾರಿನ ಒಡೆಯರು ಬಂಕಿನ ಪೆಟ್ರೋಲನ್ನು ಬೈಯುತ್ತಾರೆ. ಸೆನ್ಸರ್ ಸ್ವಚ್ಛವಾದ ಮೇಲೆ ಸ್ಕ್ಯಾನರಿನಿಂದ ಹಳೆಯ ದೀರ್ಘಾವಧಿ ಟ್ರಿಮ್ ಅಳಿಸಿ, ಊರೊಳಗೂ ಹೆದ್ದಾರಿಯಲ್ಲೂ ಒಂದಷ್ಟು ಓಡಿಸಿ ಮತ್ತೆ ಓದಿದರೆ ಪೆಟ್ರೋಲಿನ ಪಾಲೆಷ್ಟು, ಸೆನ್ಸರಿನ ಪಾಲೆಷ್ಟಿತ್ತು ಎಂಬುದು ಬೇರೆ ಬೇರೆಯಾಗಿ ಸಿಗುತ್ತದೆ.